ಅಡುಗೆಮನೆಯ ಕಿಟಕಿಯಷ್ಟು ದೂರ

ಪಕ್ಕದ ಓಸ್ಮೊ ಮೂರು ಬಂದೂಕು ಹೇರಿಕೊಂಡು
ಲ್ಯಾಪ್‌ಲ್ಯಾಂಡಿಗೆ ಹೋದ, ಎಂಟು ತಾಸಿನ ದಾರಿ.
ನನಗೆ ಸೌನಾ ಹಿಂದಿನ ಕೆರೆ ಸಾಕು.
ಹೆಪ್ಪುಗಟ್ಟಿದ ಮೇಲೆ
ಅದಕ್ಕೂ ನಮ್ಮ ಅಂಗಳಕ್ಕೂ ಗಡಿಯೇ ಇಲ್ಲ.

ಅಜ್ಜನ ಬೈರಿಗೆಯಲ್ಲಿ ಕೊರೆದ ಒಂದು ತೂತು,
ಬೋರಲು ಹಾಕಿದ ಬಕೆಟ್ಟು ಪೀಠ,
ಗೇಣುದ್ದದ ಗಾಳ.
ಕೆಳಮನೆಯವರು ಚಾವಣಿ ತಟ್ಟಿದಂತೆ
ಟಕ್. ಸುಮ್ಮನಾಗಿ, ಮತ್ತೆ
ಟಕ್.

ಬಂದದ್ದು ಆಹ್ವೆನ್: ಪಟ್ಟೆಮೈ, ಕೆಂಪು ಈಜುರೆಕ್ಕೆ,
ಬೆನ್ನ ಮುಳ್ಳು ಸೆಟೆಸಿಕೊಂಡ ಸಿಟ್ಟು.
ಹನ್ನೊಂದಾದವು. ಬೆರಳುದ್ದದ ಮೂರನ್ನು
ಹಿಂದಕ್ಕೆ ಎಸೆದೆ, ಕಾಗೆಗಿರಲಿ ಎಂದು.

ಹೆಗಲಲ್ಲಿ ಬಂದೂಕೂ ಇತ್ತು, ಸುಳ್ಳೇಕೆ,
ಮೊಲದ ಸಾರಿನ ಆಸೆ.
ಬಿಳಿಯ ಮೇಲೆ ಬಿಳಿ ಕೂತಿತ್ತು ಎದುರು ದಡದಲ್ಲೇ;
ಕಿವಿತುದಿಯ ಎರಡು ಕಪ್ಪು ಚುಕ್ಕೆ
ಕಂಡದ್ದು ಅದು ಓಡಿದ ಮೇಲೆ.

ಕಿಟಕಿಯಲ್ಲಿ ಸೈಮಿ ಟವೆಲು ಬೀಸಿದಳು: ಕಾಫಿ.
ಎದ್ದು ತಿರುಗಿದರೆ
ನನ್ನ ಬೂಟಿನ ಒಂದೊಂದು ಗುರುತಿನೊಳಗೂ
ಪುಟ್ಟದೊಂದು ಪಂಜ.
ನಾನು ಕೂತಲ್ಲಿಂದ ಮೂರು ಮಾರು ಹಿಂದೆ
ಹಿಮ ಬಟ್ಟಲಾಗಿ ಕರಗಿ ನುಣುಪಾಗಿತ್ತು,
ಪಕ್ಕದಲ್ಲಿ ಬಾಲ ಗುಡಿಸಿದ ಗೆರೆ.
ಮೀನಿನ ಒಂದು ಪೊರೆಯೂ ಉಳಿದಿರಲಿಲ್ಲ.

ಒಳಗೆ ಬಂದು ಟೋಪಿ ಕೂಡ ತೆಗೆಯದೆ ಹೇಳಿದೆ,
ನರಿ ಬಂದಿತ್ತು ಕಣೇ, ನನ್ನ ಬೆನ್ನಿಗೇ!
‘ಗೊತ್ತು’ ಎಂದಳು, ಕೆಟಲಿನಿಂದ ಕಣ್ಣೆತ್ತದೆ,
‘ಒಂದು ಗಂಟೆಯಿಂದ ನೋಡ್ತಿದ್ದೆ ಇಬ್ಬರನ್ನೂ.
ಅದು ಆಕಳಿಸಿದಾಗ ನೀನೂ ಆಕಳಿಸಿದೆ.
ಕೂಗೋಣ ಅನ್ನಿಸಿತು, ಕೂಗಲಿಲ್ಲ.
ಚಾಕು ಕೊಡು ಇಲ್ಲಿ,
ಎಷ್ಟು ಉಳಿಸಿದೆ ನಮಗೆ?’