ಎರಡಕ್ಷರದ ಚೀಟಿ

ರಾತ್ರಿ ಹನ್ನೊಂದರ ಮ್ಯಾಲ
ರಬಕವಿ ಮಲಗೂದಿಲ್ಲ, ಬರೇ ದನಿ ಇಳಸತೈತಿ.
ಹಿಂದಿನ ಓಣ್ಯಾಗ ತಮದಡ್ಡಿಯವರ ನಾಕು ಮಗ್ಗ
ಖಟಕ್ ಖಟಕ್ ಅಂತ ಯಾರದೋ ಸೀರಿ ಮುಗಸತಾವ.
ನಾನು ಲ್ಯಾಪ್‌ಟಾಪ್ ತಗದು
ಚಿತ್ರಕ್ಕ ಚೌಕಟ್ಟು ಹಾಕತೇನಿ:
ಇದು ಬಸ್ಸು, ಇದು ಸೈಕಲ್ಲು,
ಇದು ರಸ್ತಾ ದಾಟೂ ಮುದುಕ.
ಒಂದು ಚಿತ್ರಕ್ಕ ನಲವತ್ತು ಪೈಸೆ.
ನಾ ತೋರಿಸಿದ್ದನ್ನ ಯಂತ್ರ ಕಲೀತೈತಂತ.
ಕಲೀಲಿ. ನಮ್ಮವ್ವನೂ ಹಂಗ ಕಲಿಸಿದ್ದಳು ನನಗ,
ಇದು ಇರುವಿ, ಇದು ಗೊದ್ದ,
ಇಂವ ದೊಡ್ಡ ಮನಿಯಾಂವ, ಬಂದ್ರ ಒಳಗ ಹೋಗು.

ಹ್ವಾದ ತಿಂಗಳು ಅದ ಯಂತ್ರ ನನ್ನ ತಡೀತು.
ಕೆಲಸದ ಬಾಗಿಲಾಗ ನಿಂತು ಕೇಳಿತು,
ನೀ ಯಂತ್ರ ಅಲ್ಲಂತ ಹ್ಯಾಂಗ ನಂಬೂದು?
ಒಂಬತ್ತು ಚಿತ್ರ ಇಟ್ಟು
ಸಿಗ್ನಲ್ ಕಂಬ ಇದ್ದದ್ದು ಒತ್ತು ಅಂತು.
ಮೂರು ಒತ್ತಿದೆ. ತಪ್ಪು.
ಬ್ಯಾಸಗಿ ಪೂರ್ತಿ ಅವಕ್ಕ ಚೌಕಟ್ಟು ಹಾಕಿದಾಕಿ ನಾನ.
ಕಂಬದ ಬುಡಾನೂ ಎಣಸಬೇಕೋ ಬ್ಯಾಡೋ,
ನಮ್ಮ ಓಣಿಗೆ ಸಿಗ್ನಲ್ ಇಲ್ಲ,
ಕಬ್ಬಿನ ಟ್ರ್ಯಾಕ್ಟರಿಗೆ ಕೈ ಅಡ್ಡ ಮಾಡಿದ್ರ ಮುಗೀತು.

ಕಡೀಕ, ಚೀಟಿ ಮಾಡಿಸು ಅಂದ್ರು.
ಜಮಖಂಡಿಗೆ ಹೋಗಿ ಒಮ್ಮೆ ಮುಖ ತೋರಿಸಿ ಬಾ,
ಫೋನಿನಾಗ ಇಟಗೊ. ಯಾರು ಕೇಳಿದ್ರೂ
ಅದು ಎರಡ ಅಕ್ಷರ ಹೇಳತೈತಿ: ಹೌದು.
ಯಾರು, ಎಲ್ಲಿ, ಯಾರ ಪೈಕಿ, ಹೇಳೂದಿಲ್ಲ.

ಹೇಳೂದಿಲ್ಲ?
ಎರಡು ಸಲ ಕೇಳಿದೆ ನಾ.

ಬಸ್ಸಿನ್ಯಾಗ ಕಿಡಕಿ ಸೀಟು ಸಿಕ್ತು.
ಹಳೇ ರೂಢಿ, ಚೀಲದ ತುಂಬ ಕಾಗದ:
ಸಾಲಿ ದಾಖಲೆ, ಅದರಾಗ ತಂದೆಯ ಹೆಸರು ಅನ್ನೂ ಕಡೆ
ಗುರುಗಳು ಹೊಡೆದ ಅಡ್ಡ ಗೀಟು.
ನೀಲಿ ಶಾಯಿ. ಗೀಟಿನ ಕೊನಿಗೆ ಒಂದು ಹನಿ ಕೂತೈತಿ,
ಕೇಳಿ, ಉತ್ತರ ಬರಲಾರದ್ದಕ್ಕ
ಪೆನ್ನು ಅಲ್ಲೇ ಒತ್ತಿ ಕುಂತಿದ್ದರು ಅವರು.
ಮುತ್ತು ಕಟ್ಟಿಸಿಕೊಂಡಾಕಿ ನಮ್ಮವ್ವ,
ತಲಿ ಎತ್ತಿ ನೋಡಿದಳು, ಮಾತಾಡಲಿಲ್ಲ.
ಹೆಸರು ಬರೀಬೇಕಾದಾಂವ ಆ ಹೊತ್ತಿನ್ಯಾಗ
ಮಹಾಲಿಂಗಪುರದ ಪೇಟ್ಯಾಗ ಬೆಲ್ಲದ ಲಿಲಾವು ಕೂಗತಿದ್ದ.

ಅವತ್ತಿನಿಂದ ಎಲ್ಲಾ ಫಾರ್ಮೂ ಆ ಗೀಟಿಗೆ ಬಂದು ನಿಂದರತಾವ,
ರೇಷನ್ನು, ಸ್ಕಾಲರ್‌ಶಿಪ್ಪು.
ಬಾಡಿಗಿ ಮನಿಯವರು ಮಾತ್ರ ಫಾರ್ಮು ಕೊಡೂದಿಲ್ಲ,
ನೀರು ಕೊಟ್ಟು ಕೇಳತಾರ: ನೀವು ಯಾವ ಪೈಕಿ?
ಕೊಟ್ಟ ಲೋಟ ನೋಡಿದ್ರ ತಿಳೀತೈತಿ
ಮನಿ ಸಿಗತೈತೋ ಇಲ್ಲೋ.

ಕೌಂಟರಿನ ಹುಡುಗ, ದಾವಲಸಾಬ ಅಂತ ಬಿಲ್ಲೆ ಮ್ಯಾಲ,
ತಲಿ ಎತ್ತದ ಅಂದ: ಕನ್ನಡಕ ತಗೀರಿ.
ಕಣ್ಣು ಪಿಳುಕಿಸ್ರಿ. ಎಡಕ್ಕ ತಿರಗ್ರಿ.
ಉಸರು ಬಿಡ್ರಿ ಅಕ್ಕಾರ, ಯಾಕ ಹಿಡದೀರಿ?
ಅಷ್ಟ.
ಕಾಗದ ಬ್ಯಾಡೇನು? ಅಂದೆ.
ಬ್ಯಾಡ. ಮುಂದಿನವರು ಬರ್ರಿ.

ಹೊರಗ ನಿಂತು ಮಿರ್ಚಿ ಭಜಿ ತಿಂದೆ, ಎರಡು ಪ್ಲೇಟು.
ಫೋನಿನಾಗ ಹಸರು ಚುಕ್ಕಿ. ಹೌದು.
ಅವ್ವ ಇದ್ದಿದ್ರ ತಿರುವಿ ಮುರುವಿ ನೋಡಿ
ಹಿಂದ ಏನು ಬರದಾರ ಅಂತ ಕೇಳತಿದ್ದಳು.
ಏನಿಲ್ಲಬೇ.
ಏನಿಲ್ಲಂದ್ರ ಯಾರು ನಂಬತಾರ? ಅಂತಿದ್ದಳು.

ರಾತ್ರಿ ಬಾಗಿಲು ಕೇಳಿತು, ಚೀಟಿ ಹೇಳಿತು,
ತಗೀತು.
ಒಳಗ ಹೋದ ಮ್ಯಾಲ ತಳದ ಸಣ್ಣ ಸಾಲು ಕಂಡಿತು:
ಮೂವತ್ತು ದಿನ ನಡೀತೈತಿ,
ಆಮ್ಯಾಲ ಹೊಸದಾಗಿ ಮಾಡಿಸಬೇಕು.
ನಕ್ಕೆ ನಾನು.
ಅದ ಗಳಿಗ್ಯಾಗ ಕರೆಂಟು ಹೋಗಿ ಮಗ್ಗ ನಿಂತು
ಓಣಿಗೆಲ್ಲ ಕೇಳಿತು ನನ್ನ ನಗು.
ಯಾರ ಮನಿಯಾಕಿ ಅದು, ಹಿಂಗ ನಗಾಕಿ?
ಅಂದ್ರು ಯಾರೋ, ಕತ್ತಲದಾಗ.

ಬ್ಯಾಟರಿ ಹನ್ನೆರಡು ಪರ್ಸೆಂಟ್.
ಮುಂದಿನ ಚಿತ್ರ ತಗದೆ:
ಯಾವುದೋ ಊರು, ರಸ್ತಾದಾಗ ಒಬ್ಬ ಹೆಣಮಗಳು,
ತಲಿ ಮ್ಯಾಲ ಹೊರಿ, ಮುಖ ಮಸಕು.
ಸುತ್ತ ಚೌಕಟ್ಟು ಎಳದು
ಅವರು ಕೇಳಿದ್ದಷ್ಟ ಬರದೆ:
ಮನುಷ್ಯ.