ಹನ್ನೊಂದು ಯೂರೋ

ಕತ್ತರಿಯ ಬಾಯಿ ಮುಚ್ಚದೆಯೇ ಕೇಳಿದಳು ಒಬ್ದುಲಿಯಾ,
ಮೀನಿನ ತಲೆ ಬುಟ್ಟಿಗೆ, ಕರುಳು ಕಾಲುವೆಗೆ ಬೀಳುವ ನಡುವೆ:
ತಿಂಗಳು ತಿಂಗಳೂ ಹನ್ನೊಂದು ಯೂರೋ ಕಟ್ಟುತ್ತೀಯಲ್ಲ ಸಬೇಲಾ,
ಸಂಘ ನಿನಗೆ ಕೊಟ್ಟಿದ್ದಾದರೂ ಏನು?

ಬೆಲ್ಟು ಉತ್ತರಕ್ಕಾಗಿ ನಿಲ್ಲುವುದಿಲ್ಲ.
ಅರೌಸಾ ಕೊಲ್ಲಿಯ ಸಾರ್ಡೀನು ಬರುತ್ತಲೇ ಇರುತ್ತವೆ,
ಡಬ್ಬಿಗೆ ಐದು, ಬಾಲ ಅತ್ತ, ಕೊರಳು ಇತ್ತ,
ಮೇಲಿಂದ ಎಣ್ಣೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಜನ ಆಡಿಕೊಳ್ಳುತ್ತಾರೆ;
ನಮಗಿಲ್ಲಿ ಎಣ್ಣೆ ದಿನಕ್ಕೆ ಒಂಬತ್ತು ಸಾವಿರ ಸಲ ಬರುತ್ತದೆ.

ರಾತ್ರಿ ಮಗಳ ಹಳೇ ಗಣಿತದ ಪುಸ್ತಕದಿಂದ ಹಾಳೆ ಹರಿದುಕೊಂಡು ಕೂತೆ.
ಹನ್ನೊಂದನ್ನು ಹನ್ನೆರಡರಿಂದ, ಬಂದದ್ದನ್ನು ಇಪ್ಪತ್ತೆರಡು ವರ್ಷದಿಂದ:
ಎರಡು ಸಾವಿರದ ಒಂಬೈನೂರ ನಾಲ್ಕು.
ಅಡುಗೆಮನೆಯ ಗಾಳಿ ಸೋರುವ ಕಿಟಕಿ ಎರಡು ಸಲ ಬದಲಾಗುತ್ತಿತ್ತು.
ನಡುವೆ ಗೆರೆ ಎಳೆದು ಈಚೆ ಬದಿಗೆ ಬಂದೆ.

ಮೊದಲು ಒಂದು ಬೀಗದ ಕೈ ಇತ್ತು,
ದಾರದಲ್ಲಿ ಚಿಪ್ಪಿಗೆ ಕಟ್ಟಿದ್ದು, ಮೇಸ್ತ್ರಿಯ ಮೇಜಿನ ಮೇಲೆ.
ನಲವತ್ತು ಹೆಂಗಸರಿಗೆ ಒಂದು ಪಾಯಿಖಾನೆ.
ಬೆರಳೆತ್ತಬೇಕು, ಅವನು ಗಡಿಯಾರ ನೋಡಬೇಕು.
ಏಳು ತಿಂಗಳ ಬಸುರಿ ದೋಸಿಂದಾ ಬೆರಳೆತ್ತಿಕೊಂಡೇ ನಿಂತಿದ್ದಳು,
ಎತ್ತಿಕೊಂಡೇ ನಿಂತಿದ್ದಳು,
ಆಮೇಲೆ ನೆಲ ತೊಳೆಯುವ ಪೈಪನ್ನು ತನ್ನ ಕಾಲಿಗೇ ಹಿಡಿದುಕೊಂಡಳು,
ನೀರು ಚೆಲ್ಲಿತು ಅನ್ನುವ ಹಾಗೆ.
ಒಂಬತ್ತು ದಿನ ಮುಷ್ಕರ.
ಈಗ ಆ ಬಾಗಿಲಿಗೆ ಬೀಗವಿಲ್ಲ.
ಒಬ್ದುಲಿಯಾ ಹೋಗಿ ಬರುತ್ತಾಳೆ, ಯಾರೂ ರಸೀದಿ ಕೇಳುವುದಿಲ್ಲ.
ಇದನ್ನು ಎಷ್ಟು ಯೂರೋ ಎಂದು ಬರೆಯಲಿ?

ಹಾಗಂತ ಇನ್ನೊಂದು ಸಾಲನ್ನು ನುಂಗಿಕೊಳ್ಳಲಾರೆ.
ಡಬ್ಬಿ ತುಂಬುವ ಹೊಸ ಯಂತ್ರ ಬಂದ ವರ್ಷ
ನಮ್ಮ ಎಲಾದಿಯೋ ಇಸ್ತ್ರಿಯ ಅಂಗಿ ತೊಟ್ಟು ವೀಗೋ ನಗರಕ್ಕೆ ಹೋದ,
ಹದಿನಾಲ್ಕು ಹೆಸರಿನ ಕೆಳಗೆ ರುಜು ಹಾಕಿ ಬಂದ.
ಮೂವತ್ತು ಆಗಬೇಕಿತ್ತು, ಹದಿನಾಲ್ಕಕ್ಕೆ ಇಳಿಸಿದೆ, ಅಂದ.
ನಿಜವೋ ಸುಳ್ಳೋ, ಉಳಿದ ಹದಿನಾರು ಹೆಸರನ್ನು ಯಾರೂ ಕಂಡಿಲ್ಲ.
ನಾನು ಅದರಲ್ಲಿ ಇದ್ದೆನೇನೋ.
ದೋಸಿಂದಾ ಹದಿನಾಲ್ಕರಲ್ಲಿ ಇದ್ದಳು.
ಈಗ ಇಳಿತದ ಹೊತ್ತಿಗೆ ಕೆಸರಲ್ಲಿ ಬಗ್ಗಿ ಚಿಪ್ಪು ಕೆದಕುತ್ತಾಳೆ,
ಎಲಾದಿಯೋ ಎದುರಾದರೆ ಸಮುದ್ರ ನೋಡುತ್ತಾಳೆ,
ನಾನು ಎದುರಾದರೆ ಅರ್ಧ ಗದ್ದ ಎತ್ತುತ್ತಾಳೆ.
ಅವಳೂ ಚಂದಾ ಕಟ್ಟಿದವಳೇ.

ಕೂಡಿಸಲಾಗಲಿಲ್ಲ.
ಹಾಳೆ ಮಡಿಚಿ ಕಿಟಕಿಯ ಸಂದಿಗೆ ತುರುಕಿದೆ,
ಗಾಳಿಗೆ ಅಷ್ಟಾದರೂ ತಡೆ.

ಗುರುವಾರ ಒಬ್ದುಲಿಯಾಳನ್ನು ಗಾಜಿನ ಕೋಣೆಗೆ ಕರೆದರು.
ಅವಳ ಬಲ ಮಣಿಕಟ್ಟು ಊದಿಕೊಂಡು ಮೂರು ವಾರ;
ಡಬ್ಬಿಯ ಎಣಿಕೆ ಇಳಿದಿದೆ, ಒಂದು ಕಾಗದಕ್ಕೆ ರುಜು ಬೇಕಂತೆ.
ಎರಡು ಹೆಜ್ಜೆ ಹೋದವಳು ತಿರುಗಿ ನೋಡಿದಳು.
ಬಾಯಿ ತೆರೆಯಲಿಲ್ಲ. ನಾನು ಕೈಗವಸು ಕಳಚಿದೆ.

ಒಳಗೆ ಎರಡೇ ಕುರ್ಚಿ.
ಮೇಸ್ತ್ರಿ ಅಂದ: ಇವಳು ಸಂಘದವಳಲ್ಲ.
ನಾನು ಅಂದೆ: ನಾನು ಹೌದು.
ಗಾಜಿನಾಚೆ ಬೆಲ್ಟು ಓಡುತ್ತಲೇ ಇತ್ತು,
ನಮ್ಮಿಬ್ಬರ ಪಾಲಿನ ಮೀನನ್ನು ಅಕ್ಕಪಕ್ಕದವರು ಎಳೆದುಕೊಳ್ಳುತ್ತಿದ್ದರು.
ಕಾಗದ ರುಜುವಿಲ್ಲದೆ ಮೇಜಿನ ಮೇಲೆ ಉಳಿಯಿತು,
ನಾಳೆಯವರೆಗೋ ನಾಡಿದ್ದಿನವರೆಗೋ, ಗೊತ್ತಿಲ್ಲ.

ಬಸ್ಸಿಗೆ ಕಾಯುವಾಗ ಒಬ್ದುಲಿಯಾ ಅಂದಳು:
ಹನ್ನೊಂದು ಜಾಸ್ತಿಯಾಯಿತು ಕಣೇ.
ಹೌದು, ಜಾಸ್ತಿಯೇ, ಅಂದೆ.
ಸ್ವಲ್ಪ ಹೊತ್ತು ಬಿಟ್ಟು, ರಸ್ತೆ ನೋಡುತ್ತಾ:
ಒಂದೇ ಸಲ ಹಿಡಿಯುತ್ತಾರಾ, ವಾರಕ್ಕಿಷ್ಟು ಅಂತಲಾ?