ಪೆಟ್ಟಿಗೆ ನಲವತ್ತೊಂದು

ಅಲಬಾಮಾದ ಕೋಲ್ಟರ್ಸ್ ಬೆಂಡ್‌ನಲ್ಲಿ
ಕರಿಯರ ಶಾಲೆಯೊಂದಿತ್ತು. ಈಗ ಅದರ ಚಿಮಣಿ ಇದೆ,
ಚಿಮಣಿಯೊಳಗೆ ಜೇನು.

ವಿಟ್ಕಂಬ್ ಫೌಂಡೇಶನ್ನಿನ ಹಳೇ ಕಡತ ಬಿಚ್ಚಿ
ಧೂಳೊರೆಸಿ ನಂಬರು ಹಾಕುವುದು ನನ್ನ ಕೆಲಸ.
ಪೆಟ್ಟಿಗೆ ನಲವತ್ತೊಂದು: ಶಾಲೆಯ ನಕ್ಷೆ.
ಬೆಳಕು ಮಕ್ಕಳ ಎಡಗಡೆಯಿಂದಲೇ ಬೀಳಬೇಕು,
ಬರೆಯುವ ಕೈಯ ನೆರಳು
ಅಕ್ಷರಕ್ಕೆ ತಾಗಕೂಡದು.
ಎಂಥ ಅಕ್ಕರೆ! ಒಂದು ಗಳಿಗೆ
ಆ ಸತ್ತ ಸಾಹುಕಾರನಿಗೆ ಮನಸ್ಸಲ್ಲೇ ಕೈಮುಗಿದೆ.

ಅದೇ ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಕಾಗದ:
“ಲ್ಯಾಟಿನ್ ಬೇಡ. ಇಸ್ತ್ರಿ, ಮರಗೆಲಸ ಸಾಕು.
ಊರಿನ ಬಿಳಿಯರ ಮನ ನೋಯಿಸುವ ಇರಾದೆ ನಮಗಿಲ್ಲ.”
ಅದೇ ಸಹಿ. ಅದೇ ನೀಲಿ ಶಾಯಿ.

ಅರ್ಧ ನಾವು, ಅರ್ಧ ನೀವು, ಇದು ಕರಾರು.
ನೀವು ಎಂದರೆ
ಹೆಪ್ಸಿ ಪೋಗ್, ಭಾನುವಾರದ ಮೊಟ್ಟೆಗಳಷ್ಟೂ, ಒಂದು ವರ್ಷ;
ಎಜೀಕಿಯಲ್ ಟಿಬ್ಸ್, ಹೇಸರಗತ್ತೆ ಮೂರು ದಿನ;
ಹೆಸರು ಬರೆಸದ ವಿಧವೆಯೊಬ್ಬಳು,
ತನ್ನ ಹೆಣದ ಖರ್ಚಿಗೆಂದು ಎತ್ತಿಟ್ಟಿದ್ದ ಹನ್ನೊಂದು ಡಾಲರು.
ತೆರಿಗೆಯನ್ನೂ ಕಟ್ಟಿದ್ದರು ಇವರೇ;
ಅದು ದಿಬ್ಬದ ಮೇಲೆ ಬಿಳಿಯರ ಶಾಲೆಗೆ ಇಟ್ಟಿಗೆಯಾಯಿತು.
ಇಲ್ಲಿ ಬಾಗಿಲ ಮೇಲೆ ಮಾತ್ರ ಒಂದೇ ಹೆಸರು.

ನಮ್ಮ ಕಡೆಯೂ ದಾನದ ಕಲ್ಲುಗಳಿವೆ, ನೆತ್ತಿಯಲ್ಲಿ ಸೂರ್ಯ ಚಂದ್ರ.
ಬಾವಿ ತೋಡಿಸಿದವನ ಹೆಸರು, ಅವನಪ್ಪನ ಹೆಸರು,
ಕೆಡಿಸಿದವನಿಗೆ ತಗಲುವ ಪಾಪ, ಎಲ್ಲ ಇದೆ.
ಯಾರು ಆ ನೀರು ಮುಟ್ಟಬಾರದೆಂದು ಕೆತ್ತಿಲ್ಲ.
ಕೆತ್ತುವ ಅಗತ್ಯವೇ ಬಿದ್ದಿರಲಿಲ್ಲ.

ಶನಿವಾರ ಟ್ರಸ್ಟಿಗಳು ಬಂದರು, ಹಿತ್ತಾಳೆ ಫಲಕದೊಂದಿಗೆ.
ಪರಂಪರೆ ಎಂಬ ಮಾತು ಮೂರು ಸಲ,
ಕ್ಷಮೆ ಎಂಬುದು ಅರ್ಧ ಸಲ, ಕೆಮ್ಮಿನ ನಡುವೆ.
ಹೆಪ್ಸಿಯ ಮೊಮ್ಮಗಳು ವರ್ಡೆಲ್, ತೊಂಬತ್ತೊಂದು ವರ್ಷ,
ಕೊಟ್ಟ ಮೈಕನ್ನು ಪಕ್ಕಕ್ಕೆ ಸರಿಸಿದಳು.
“ಓದು ಕಲಿತದ್ದು ಇಲ್ಲೇ. ಸುಳ್ಳು ಹೇಳಲಾರೆ.
ಎಡಗಡೆಯಿಂದ ಒಳ್ಳೇ ಬೆಳಕು ಬೀಳುತ್ತಿತ್ತು.
ನಾನೋ ಎಡಚಿ.
ಏಳು ವರ್ಷ ನನ್ನ ಕೈಯ ನೆರಳಲ್ಲೇ ಬರೆದೆ.”

ಚಪ್ಪಾಳೆ ತಟ್ಟುವುದೋ ಬೇಡವೋ
ಯಾರಿಗೂ ತಿಳಿಯಲಿಲ್ಲ. ಜೇನು ಮೊರೆಯುತ್ತಿತ್ತು.

ಆಮೇಲೆ ನನ್ನ ತೋಳು ಹಿಡಿದು ಕೇಳಿದಳು:
“ಅಜ್ಜಿಯ ಮೊಟ್ಟೆಯ ಲೆಕ್ಕ ಇದೆಯೇನು ನಿನ್ನ ಪೆಟ್ಟಿಗೆಯಲ್ಲಿ?”
ಇದೆ ಅಂದೆ, ಇನ್ನೂರ ಹದಿನಾರು.
“ಇನ್ನೂರ ಇಪ್ಪತ್ತು.
ನಾಲ್ಕು ದಾರಿಯಲ್ಲಿ ಒಡೆದವು.
ಬರಕೋ.”